ಪಲ್ಲಾವರದ ಪ್ರಾಚೀನ ಸ್ಮಶಾನ: ರಕ್ಷಣೆಯ ಪ್ರಶ್ನೆ

1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಹಳೆಯ ಶಿಲಾಯುಗದ ಆಯುಧವೊಂದು ದೊರೆತುದರಿಂದ ಚೆನ್ನೈ ಬಳಿಯ ಪಲ್ಲಾವರಂ ವಿದ್ವಾಂಸರಿಗೆ ಪರಿಚಿತವಾಗಿದೆ. ಅದು ಬೃಹತ್ ಶಿಲಾಯುಗದ ಸ್ಮಶಾನವೂ ಹೌದೆಂಬುದು ಅಷ್ಟಾಗಿ ಚರ್ಚಿತವಾಗಿಲ್ಲ. 1880ರ ದಶಕದಲ್ಲಿ ಅಲೆಕ್ಸಾಂಡರ್ ರೀ ಅಲ್ಲಿ ಅಗೆಸಿ, ಕಾಲುಗಳುಳ್ಳ ಸುಟ್ಟ ಮಣ್ಣಿನ ಶವಪೆಟ್ಟಿಗೆಗಳನ್ನು ಬೆಳಕಿಗೆ ತಂದರು.

ಜಮೀನ್ ಪಲ್ಲಾವರದ ಈ ನೆಲೆ ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ರಕ್ಷಿತ ನೆಲೆಯ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದರೆ ಸುತ್ತಲೂ ಬಡಾವಣೆಗಳು ಬೆಳೆದಿವೆ. ಅಲ್ಲಿನ ಅನೇಕ ನಿವಾಸಿಗಳ ಪಾಲಿಗೆ ಪ್ರಾಚೀನರ ಸಮಾಧಿಯೆಂದರೆ ಮನೆ ಕಟ್ಟಗೊಡದ ನಿಯಮವಷ್ಟೇ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಸ್ಥಿತಿ ಬೇರೆ. ಅಲ್ಲಿನ ಕಲ್ಲುಗೋರಿಗಳು ಊರಿನಿಂದ ದೂರ, ಗುಡ್ಡದ ಮೇಲೆ ಕಣ್ಣಿಗೆ ಕಾಣುವಂತೆ ನಿಂತಿವೆ. ಜನ ಅವನ್ನು ‘ಮೋರ್ಯರ ಮನೆ’ಗಳೆಂದು ಕರೆಯುತ್ತ ಬಂದಿದ್ದಾರೆ, ಹೆಸರಿನೊಡನೆ ನೆನಪೂ ಉಳಿದಿದೆ. ಪಲ್ಲಾವರದ ಶವಪೆಟ್ಟಿಗೆಗಳಾದರೋ ನೆಲದಡಿಯವು.

ಆದುದರಿಂದ ಸಮಾಧಿಗಳು ನಿಜವಾಗಿ ಎಲ್ಲೆಲ್ಲಿವೆಯೆಂಬುದನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ಅದನ್ನು ನಿವಾಸಿಗಳಿಗೂ, 2021ರಿಂದ ಪಲ್ಲಾವರವನ್ನು ಒಳಗೊಂಡಿರುವ ತಾಂಬರಂ ಮಹಾನಗರಪಾಲಿಕೆಗೂ ತಿಳಿಯಪಡಿಸಬೇಕು. ಮೀಟರುಗಳ ಲೆಕ್ಕವೊಂದೇ ಈ ಸ್ಮಶಾನವನ್ನು ಉಳಿಸಲಾರದೆಂದು ನಾವು ಭಾವಿಸುತ್ತೇವೆ.