ಗದಗ ಸೀಮೆಯಲ್ಲಿ ನ್ಯಾನೊ: ಎಲ್ಲಿ ನಂಬಬೇಕು, ಎಲ್ಲಿ ಲೆಕ್ಕ ಕೇಳಬೇಕು

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೊಬ್ಬರದಂಗಡಿಗಳಿಗೆ ನ್ಯಾನೊ ಎಂಬ ಪದ ಈಗ ಹೊಸದಲ್ಲ. 2021ರಲ್ಲಿ ಇಫ್ಕೊ ಸಂಸ್ಥೆ ನ್ಯಾನೊ ಯೂರಿಯಾ ತಂದಾಗಿನಿಂದ, ಅರ್ಧ ಲೀಟರಿನ ಬಾಟಲಿ 45 ಕೆ.ಜಿ. ಚೀಲಕ್ಕೆ ಸಮ ಎಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿದೆ. ಒಂದು ಶಾಸ್ತ್ರ ಪ್ರಯೋಗಾಲಯ ದಾಟಿ ಎರೆಹೊಲದ ಬದುವಿಗೆ ಬಂದ ಮೇಲೆ ಅದನ್ನು ಬೆರಗಿನಿಂದ ನೋಡುತ್ತ ಕೂರಲಾಗದು. ಅದು ಎಲ್ಲಿ ದುಡಿಯುತ್ತದೆ, ಎಲ್ಲಿ ದುಡಿಯದು ಎಂದು ತೂಗಿ ನೋಡಬೇಕು.

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಪರಮಾಣುಗಳನ್ನು ಒಂದೊಂದಾಗಿ ಜೋಡಿಸಬಹುದೆಂಬ ಕನಸನ್ನು ಅಮೆರಿಕದ ರಿಚರ್ಡ್ ಫೈನ್‌ಮನ್ 1959ರ ಉಪನ್ಯಾಸದಲ್ಲಿ ಮುಂದಿಟ್ಟರು. 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ‘ನ್ಯಾನೊ ತಂತ್ರಜ್ಞಾನ’ ಎಂಬ ಹೆಸರು ಕೊಟ್ಟರು. ಆದರೆ ಕನಸಿಗೆ ಕಣ್ಣು ಬಂದದ್ದು 1981ರಲ್ಲಿ, ಜ್ಯೂರಿಚ್‌ನ ಬಿನ್ನಿಗ್ ಮತ್ತು ರೋರರ್ ಪರಮಾಣುಗಳನ್ನೇ ತೋರಿಸುವ ಸೂಕ್ಷ್ಮದರ್ಶಕ ಕಟ್ಟಿದಾಗ. ಆಮೇಲೆ 1985ರಲ್ಲಿ ಚೆಂಡಿನಾಕಾರದ ಇಂಗಾಲ, 1991ರಲ್ಲಿ ಇಂಗಾಲದ ಕೊಳವೆ, 2004ರಲ್ಲಿ ಗ್ರಾಫೀನ್ ಒಂದರ ಹಿಂದೆ ಒಂದು ಬಂದವು. ಹಾಗೆಂದು ಈ ಗಾತ್ರದ ವಸ್ತುಗಳೇ ಹೊಸವಲ್ಲ. ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದ ಉಕ್ಕಿನ ಹೆಸರಿನ ಮೂಲ ನಮ್ಮ ‘ಉಕ್ಕು’ ಎಂಬ ಪದವೆಂದು ವಿದ್ವಾಂಸರು ಹೇಳುತ್ತಾರೆ. ಆ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಕತ್ತಿಯೊಂದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡುದಾಗಿ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಕುಲುಮೆಯ ಮುಂದೆ ಕೂತವನ ಕೈಗೆ ಕೆಲಸ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಾರಣ ತಿಳಿದದ್ದೇ ಈ ಕಾಲದ ಗಳಿಕೆ.

ಆ ಕಾರಣಗಳಲ್ಲಿ ಮುಖ್ಯವಾದದ್ದು ಮೈಯ ಹರವು. ಒಂದು ಸೆಂಟಿಮೀಟರ್ ಉದ್ದಗಲದ ಘನದ ಆರೂ ಮುಖ ಸೇರಿದರೆ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೊಮೀಟರಿನ ತುಣುಕು ಮಾಡಿದರೆ ಒಟ್ಟು ಮೈ 600 ಚದರ ಮೀಟರ್, ಅಂದರೆ ಸುಮಾರು ಆರು ಗುಂಟೆ ಹೊಲದಷ್ಟು. ತೂಕ ಮಾತ್ರ ಒಂದು ಗುಂಜಿಯಷ್ಟೂ ಹೆಚ್ಚಲಿಲ್ಲ. ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ: ಕೆಲಸ ಮೈಯ ಮೇಲೆ ನಡೆಯುವುದಾದರೆ ನ್ಯಾನೊ ಫಲ ಕೊಡುತ್ತದೆ, ಕೆಲಸಕ್ಕೆ ತೂಕವೇ ಬೇಕಾದರೆ ಸಣ್ಣದು ಮಾಡಿ ಪ್ರಯೋಜನವಿಲ್ಲ.

ಈ ಶಾಸ್ತ್ರಕ್ಕೆ ಕರ್ನಾಟಕದಲ್ಲೂ ದೇಶದಲ್ಲೂ ಗಟ್ಟಿ ನೆಲೆಯಿದೆ. ಸಿ.ಎನ್.ಆರ್. ರಾವ್ ಅವರು ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಿಂದ ಬೆಂಗಳೂರಿನಲ್ಲಿದೆ. 2007ರಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿತು. ಅದೇ ವರ್ಷ ಮದ್ರಾಸ್ ಐಐಟಿಯ ಟಿ. ಪ್ರದೀಪ್ ತಂಡದ ಶೋಧ, ಬೆಳ್ಳಿಯ ನ್ಯಾನೊ ಕಣಗಳಿಂದ ಕುಡಿಯುವ ನೀರಿನ ಕೀಟನಾಶಕ ತೆಗೆಯುವ ಶೋಧಕವಾಗಿ, ಮಾರುಕಟ್ಟೆಗೆ ಬಂತು. ಇದೇ ತಂಡ ಮುಂದೆ ಕಬ್ಬಿಣದ ನ್ಯಾನೊ ವಸ್ತುವಿನಿಂದ ಆರ್ಸೆನಿಕ್ ಹೀರುವ ವಿಧಾನವನ್ನೂ ರೂಪಿಸಿತು.

ಮುಂಡರಗಿ ತಾಲ್ಲೂಕಿಗೆ ಈ ಕಥೆ ದೂರದ್ದಲ್ಲ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ; ವರ್ಷಗಟ್ಟಲೆ ಕುಡಿದವರ ಮೂಳೆ ಬಿಗಿಯುತ್ತದೆ. ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರುವಾಗ ಮತ್ತೇಕೆ ನ್ಯಾನೊ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಘಟಕಗಳು ಉಪಕಾರ ಮಾಡಿವೆ, ಸಂದೇಹವಿಲ್ಲ. ಆದರೆ ಅವುಗಳಲ್ಲಿ ನೀರು ಸೋಸುವ ಆರ್‌ಒ ಪೊರೆ ಒಂದು ಪಾಲು ನೀರನ್ನು ಹೊರಗೆ ಚೆಲ್ಲುತ್ತದೆ. ಚೆಲ್ಲಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗಿರುತ್ತದೆ, ಅದು ಗಟಾರ ಸೇರುತ್ತದೆ. ಕರೆಂಟು ಬೇಕು, ಪೊರೆ ಬದಲಿಸಬೇಕು. ಅಲ್ಯುಮಿನಾದಂಥ ವಸ್ತುವಿನ ನ್ಯಾನೊ ರೂಪ ಫ್ಲೋರೈಡನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ನೀರನ್ನು ಚೆಲ್ಲುವುದಿಲ್ಲ. ಇದಕ್ಕೂ ತೊಡಕಿದೆ. ಮೈ ತುಂಬಿದ ಮೇಲೆ ಕ್ಷಾರದಿಂದ ತೊಳೆಯಬೇಕು, ತೊಳೆದದ್ದನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ, ಕಣ ನೀರಿಗೆ ಇಳಿಯದಂತೆ ಗುಂಡುಗಳಲ್ಲಿ ಕಟ್ಟಿಡಬೇಕು. ಹೀಗಾಗಿ ಮನೆಮನೆಗೆ ಫಿಲ್ಟರ್ ಹಂಚುವುದಕ್ಕಿಂತ, ತೊಳೆಯುವ ಹೊಣೆ ಹೊತ್ತ ಊರ ಘಟಕವೇ ಮೇಲು. ನ್ಯಾನೊ ವ್ಯಾಪಾರಕ್ಕೆ ಈ ಸೀಮೆಯಲ್ಲಿ ನಿಜವಾದ ಗಿರಾಕಿ ಎಂದರೆ ಬಾಯಾರಿದ ಊರೇ.

ಈಗ ಬಾಟಲಿಗೆ ಬರೋಣ. ಮೊದಲ ನ್ಯಾನೊ ಯೂರಿಯಾದಲ್ಲಿ ಸಾರಜನಕ ಶೇ 4, ಅಂದರೆ ಅರ್ಧ ಲೀಟರಿನಲ್ಲಿ 20 ಗ್ರಾಂ. ಯೂರಿಯಾ ಚೀಲದಲ್ಲಿ ಶೇ 46, ಅಂದರೆ 20 ಕಿಲೋಗಿಂತ ಹೆಚ್ಚು. ಸಾವಿರ ಪಟ್ಟು ಅಂತರ! ನಂತರ ಬಂದ ಶೇ 20ರ ಬಾಟಲಿಯಲ್ಲೂ 100 ಗ್ರಾಂ ಮಾತ್ರ. ನೆಲಕ್ಕೆ ಹಾಕಿದ ಯೂರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗುತ್ತದೆ, ಎಲೆಗೆ ಸಿಂಪಡಿಸಿದ್ದು ವ್ಯರ್ಥವಾಗದು ಎಂಬುದು ಸಮರ್ಥಕರ ವಾದ. ಇರಲಿ, ಒಂದು ಹನಿಯೂ ಪೋಲಾಗಲಿಲ್ಲ ಎಂದೇ ಹಿಡಿಯೋಣ. 20 ಗ್ರಾಂ ಆಗಲೂ 20 ಗ್ರಾಮೇ. ಒಂದು ಟನ್ ಗೋವಿನಜೋಳದ ಕಾಳಿನಲ್ಲೇ ಸುಮಾರು 15 ಕಿಲೋ ಸಾರಜನಕ ಇರುತ್ತದೆ. ಸಾವಿರಾರು ರೈತರ ಹೊಲಗಳಲ್ಲಿ ಸರಾಸರಿ ಶೇ 8ರಷ್ಟು ಇಳುವರಿ ಹೆಚ್ಚಿತೆಂದು ಇಫ್ಕೊ ಹೇಳುತ್ತದೆ. ಆದರೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಗೋಧಿಯ ಇಳುವರಿ ಶೇ 21.6, ಭತ್ತದ್ದು ಶೇ 13 ತಗ್ಗಿತು. ಸಸ್ಯಕ್ಕೆ ಚೇತನ ಕೊಡುವ ದ್ರವವೆಂದು ಅದನ್ನು ಮಾರಿದರೆ ನನ್ನ ತಕರಾರಿಲ್ಲ. ಚೀಲದ ಬದಲಿ ಎಂದು ಮಾರಬಾರದು. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಉತ್ತರ ಕರ್ನಾಟಕದ ರೈತರು ಸಾಲುಗಟ್ಟಿ ನಿಂತಾಗ ಅವರು ಹುಡುಕಿದ್ದು ಚೀಲವನ್ನೇ. ಬೆಳೆಗೆ ಅತ್ಯಲ್ಪ ಸಾಕಾಗುವ ಸತುವಿನಂಥ ಲಘುಪೋಷಕಗಳ ವಿಚಾರ ಬೇರೆ. ಅಲ್ಲಿ ಗ್ರಾಂ ಲೆಕ್ಕವೇ ಸಾಕಾದ್ದರಿಂದ ನ್ಯಾನೊ ರೂಪಕ್ಕೆ ಭರವಸೆಯಿದೆ.

ಗದಗ-ಬೆಟಗೇರಿಯ ನೇಕಾರರಿಗೆ, ಬಟ್ಟೆಗೆ ನೀರು ಹತ್ತದಂತೆ, ವಾಸನೆ ಕಟ್ಟದಂತೆ ಮಾಡುವ ನ್ಯಾನೊ ಲೇಪ ಮುಂದೆ ದಾರಿಯಾದೀತು. ಆದರೆ ಬೆಳ್ಳಿ ಕಣ ಹಚ್ಚಿದ ಕಾಲುಚೀಲ ತೊಳೆದಾಗ ಬೆಳ್ಳಿ ನೀರಿಗಿಳಿಯುವುದು 2008ರಲ್ಲೇ ಅಮೆರಿಕದಲ್ಲಿ ದಾಖಲಾಗಿದೆ. ಗಿಡದ ರಸದಿಂದ ಬೆಳ್ಳಿ ಕಣ ತಯಾರಿಸುವ ಪ್ರಬಂಧಗಳು ರಾಶಿ ಬಿದ್ದಿವೆ, ಸರಕು ಬಂದದ್ದು ಕಡಿಮೆ. ಈ ಸೀಮೆಯ ಕಪ್ಪತಗುಡ್ಡದ ಔಷಧಿ ಸಸ್ಯಗಳ ಮೇಲೆ ಆ ಹೆಸರಿನಲ್ಲಿ ಯಾರೂ ಕಣ್ಣು ಹಾಕದಿರಲಿ. 2019ರಿಂದ ಅದು ವನ್ಯಜೀವಿಧಾಮ.

ನ್ಯಾನೊ ಕೃಷಿ ಸರಕುಗಳನ್ನು ಪರೀಕ್ಷಿಸುವ ಮಾರ್ಗಸೂಚಿಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಹೊರಡಿಸಿದೆ. ಅದು ಕಾಗದದಲ್ಲಿ ಉಳಿಯದೆ ಎರೆಹೊಲಕ್ಕೆ ಇಳಿಯಲಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಒಟ್ಟಾಗಿ ಈ ಸೀಮೆಯ ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿಯ ಮೇಲೆ ಮೂರು ಹಂಗಾಮು ಪ್ರಯೋಗ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಅಲ್ಲಿಯವರೆಗೆ ರೈತ ಬಾಂಧವರು ಬಾಟಲಿ ಕೊಳ್ಳುವ ಮುನ್ನ ಅದರ ಮೇಲೆ ಬರೆದ ಸಾರಜನಕದ ಪ್ರಮಾಣ ಓದಿ, ಚೀಲದ ಜೊತೆ ಹೋಲಿಸಿ ನೋಡಿ.