ನಿಮ್ಮ ಏರಿಯಾಗೆ ಯಾವ ಅಂಗಡಿ ಬೇಕು?

1/10
ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ, ನೆನಪಿದೆಯಾ? ‘ನಿಮ್ಮ ಏರಿಯಾದಲ್ಲಿ ಈಗ ಇಲ್ಲದ, ಆದರೆ ಇರಲೇಬೇಕು ಅನ್ನಿಸೋ ಒಂದು ಅಂಗಡಿ ಯಾವುದು?’ ನಿಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನವರು. ದೊಡ್ಡ ಮಾಲ್ ಅಂತೀರಿ, ಇನ್ನೊಂದು ಕೆಫೆ ಅಂತೀರಿ ಅಂದ್ಕೊಂಡಿದ್ದೆ. ಬಂದ ಉತ್ತರಗಳೇ ಬೇರೆ. ಹಿಟ್ಟಿನ ಮಿಲ್. ಚಪ್ಪಲಿ ಹೊಲಿಯೋರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡೋ ಟೈಲರ್. ರಾತ್ರಿ ಒಂಬತ್ತಕ್ಕೂ ತೆರೆದಿರೋ ಜೆರಾಕ್ಸ್ ಅಂಗಡಿ. ಮಿಕ್ಸಿ ರಿಪೇರಿ. ಕನ್ನಡ ಪುಸ್ತಕ ಸಿಗೋ ಅಂಗಡಿ. ಒಬ್ಬರಂತೂ ‘ಲೆಕ್ಕ ಬರ್ಕೊಂಡು ತಿಂಗಳ ಕೊನೆಗೆ ದುಡ್ಡು ತಗೊಳ್ಳೋ ಶೆಟ್ಟರ ಅಂಗಡಿ’ ಅಂತ ಬರೆದಿದ್ರು.

ಗಮನಿಸಿದ್ರಾ? ಇದರಲ್ಲಿ ಒಂದೂ ಹೊಸ ಅಂಗಡಿ ಅಲ್ಲ. ಎಲ್ಲವೂ ಇದ್ದವು, ಹೋದವು. ಜನಕ್ಕೆ ಬೇಡವಾಗಿ ಹೋದವು ಅನ್ನೋಣ ಅಂದ್ರೆ, ಬೇಕು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಯಾಕೆ ಹೋದವು? ಇವತ್ತಿನ ಸರಣಿ ಪೂರ್ತಿ ಈ ಒಂದು ಪ್ರಶ್ನೆಗೆ. ನಿಧಾನವಾಗಿ ಸ್ವೈಪ್ ಮಾಡಿ.

2/10
ಮೊದಲು ಪೇಟೆಗೆ ಹೋಗೋಣ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಅಂತ ನಾವು ಓದಿರೋ ಊರು ಇದೇ. ಈಗಿನ ಅವೆನ್ಯೂ ರೋಡ್, ಚಿಕ್ಕಪೇಟೆ ಸುತ್ತಮುತ್ತ. ಇಲ್ಲಿನ ಬೀದಿ ಹೆಸರುಗಳನ್ನ ಒಮ್ಮೆ ಜೋರಾಗಿ ಓದಿ ನೋಡಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಇದು ಬರೀ ವಿಳಾಸ ಅಲ್ಲ, ಅಂಗಡಿಗಳ ಪಟ್ಟಿ! ಏನು ಬೇಕೋ ಅದರ ಹೆಸರು ಹಿಡಿದು ನಡೆದರೆ ಸಾಕು, ಅಂಗಡಿ ಸಿಗುತ್ತೆ.

ಪೇಟೆಯ ಇನ್ನೊಂದು ಗುಣ ಏನಂದ್ರೆ, ಅಲ್ಲಿ ಮನೆ ಬೇರೆ ಅಂಗಡಿ ಬೇರೆ ಅಂತ ಇರಲಿಲ್ಲ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಮಾಡೋರು, ಮಾರೋರು, ವಾಸ ಮಾಡೋರು ಬಹಳಷ್ಟು ಸಲ ಒಂದೇ ಕುಟುಂಬ. ಈ ಒಂದು ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

3/10
1898ರಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಓಡಿದರು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಯೋಜನೆ ಆ ದಶಕದಲ್ಲೇ ಶುರುವಾಗಿತ್ತು, ಪ್ಲೇಗ್ ಅದಕ್ಕೆ ವೇಗ ಕೊಟ್ಟಿತು. ನೇರ ರಸ್ತೆ, ಅಗಲವಾದ ಸೈಟು, ಗಾಳಿ, ಬೆಳಕು, ಮರ, ಉದ್ಯಾನ. ಇವತ್ತಿಗೂ ನಾವು ‘ಹಳೇ ಬೆಂಗಳೂರು’ ಅಂತ ಫೋಟೋ ತೆಗೆಯೋದು ಇದನ್ನೇ.

ಆದರೆ ಈ ಹೊಸ ನಕ್ಷೆಯಲ್ಲಿ ಒಂದು ದೊಡ್ಡ ಬದಲಾವಣೆ ಇತ್ತು. ಬಡಾವಣೆ ಅಂದ್ರೆ ಮೊದಲು ವಾಸದ ಜಾಗ. ವ್ಯಾಪಾರ ಪೇಟೆಯಲ್ಲೇ ಉಳೀತು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ. ಅಂದ್ರೆ ‘ನಮ್ಮ ಏರಿಯಾದಲ್ಲಿ ಒಂದು ಅಂಗಡಿ ಇದ್ದಿದ್ರೆ’ ಅನ್ನೋ ಆಸೆ ಇನ್‌ಸ್ಟಾಗ್ರಾಮ್ ಕಾಲದ್ದಲ್ಲ. ಬಡಾವಣೆ ಹುಟ್ಟಿದ ದಿನವೇ ಅದೂ ಹುಟ್ಟಿತು.

4/10
ಆ ಆಸೆ ಪೂರೈಸಿದ್ದು ಹೇಗೆ? ಎರಡು ದಾರಿಗಳಲ್ಲಿ.

ಒಂದು, ಅಂಗಡಿಗಳು ತಾವಾಗಿಯೇ ಬೆಳೆದವು. ಬಸವನಗುಡಿಗೆ ಗಾಂಧಿಬಜಾರ್, ಮಲ್ಲೇಶ್ವರಕ್ಕೆ ಎಂಟನೇ ಅಡ್ಡರಸ್ತೆ ಮತ್ತು ಸಂಪಿಗೆ ರಸ್ತೆ. ಹೂವಿನವರು, ಬಾಳೆಎಲೆ ಮಾರೋರು, ಗ್ರಂಧಿಗೆ ಅಂಗಡಿ, ಕಾಫಿಪುಡಿ ಅಂಗಡಿ, ಹೋಟೆಲ್. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಹೆಸರೇ ಹೇಳುತ್ತಲ್ಲ, ಅದು ಸುತ್ತಲಿನ ವಿದ್ಯಾರ್ಥಿಗಳಿಗೆ ಅಂತ ಶುರುವಾಗಿದ್ದು. ಅದೇ ಬೀದಿಯಲ್ಲಿ ಸುಬ್ಬಮ್ಮ ಅನ್ನೋ ಹೆಣ್ಣುಮಗಳು 1948ರಲ್ಲಿ ಹಪ್ಪಳ, ಪುಡಿ, ಕುರುಕಲು ತಿಂಡಿಯ ಅಂಗಡಿ ಹಾಕಿದರು. ಜನ ಅದನ್ನ ಇವತ್ತಿಗೂ ‘ಸುಬ್ಬಮ್ಮನ ಅಂಗಡಿ’ ಅಂತಲೇ ಕರೆಯೋದು. ಪಕ್ಕದ ಮನೆಗೆ ಏನು ಬೇಕು ಅಂತ ಗೊತ್ತಿದ್ದವರು ಹಾಕಿದ ಅಂಗಡಿಗಳು ಇವು.

ಎರಡನೇ ದಾರಿ ಮುಂದಿನ ಫೋಟೋದಲ್ಲಿದೆ. ನನ್ನ ಪ್ರಕಾರ ನಾವು ಮರೆತಿರೋದು ಅದನ್ನೇ.

5/10
ಎರಡನೇ ದಾರಿ: ಅಂಗಡಿಗೆ ಅಂತಲೇ ಯಾರಾದರೂ ಜಾಗ ಮಾಡಿ ಕೊಡೋದು.

ದಂಡು ಪ್ರದೇಶದಲ್ಲಿ 1927ರ ರಸೆಲ್ ಮಾರ್ಕೆಟ್, ಪೇಟೆ ಪಕ್ಕದಲ್ಲಿ 1928ರ ಕೆ.ಆರ್. ಮಾರ್ಕೆಟ್. ಇವೆರಡೂ ಸಾರ್ವಜನಿಕ ಮಾರುಕಟ್ಟೆಗಳು. ಸಣ್ಣ ವ್ಯಾಪಾರಿಗೆ ಒಂದು ಕಟ್ಟೆ, ಒಂದು ಮಳಿಗೆ.

ಆಮೇಲೆ ಸಹಕಾರ ಸಂಘಗಳು ಬಂದವು. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನ ಮುಚ್ಚಿದಾಗ ಕೆಲಸ ಕಳಕೊಂಡವರು ತಾವೇ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಶುರುವಾಗಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಮನೆ ಹತ್ತಿರದ ಹಾಪ್‌ಕಾಮ್ಸ್ ಇದೆಯಲ್ಲ, ಅದರ ಮೂಲ 1959ರ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಅದರ ಹಿಂದೆ ನಿಂತವರು ಲಾಲ್‌ಬಾಗ್ ಅಂದ್ರೆ ನೆನಪಾಗೋ ಡಾ. ಎಂ.ಎಚ್. ಮರಿಗೌಡರು. ಹಾಲಿಗೆ ನಂದಿನಿ ಬೂತ್, ಅಕ್ಕಿಗೆ ನ್ಯಾಯಬೆಲೆ ಅಂಗಡಿ, ಚಪ್ಪಲಿ ಹೊಲಿಯೋರಿಗೆ ಫುಟ್‌ಪಾತ್ ಅಂಚಲ್ಲಿ ಲಿಡ್ಕರ್ ಪೆಟ್ಟಿಗೆ ಅಂಗಡಿ. 1976ರಲ್ಲಿ ಹುಟ್ಟಿದ ಬಿಡಿಎ ಕೂಡ ಇಂದಿರಾನಗರ, ಕೋರಮಂಗಲದಂಥ ಕಡೆ ಸೈಟುಗಳ ಜೊತೆಗೆ ಬಿಡಿಎ ಕಾಂಪ್ಲೆಕ್ಸ್‌ಗಳನ್ನ ಕಟ್ಟಿತು.

ಈಗ ನಿಮ್ಮ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಇಷ್ಟೆಲ್ಲ ಬದಲಾದ ಮೇಲೂ ಅಲ್ಲಾಡದೆ ನಿಂತಿರೋ ಸಣ್ಣ ಅಂಗಡಿಗಳು ಯಾವುವು? ನಂದಿನಿ ಬೂತ್, ಹಾಪ್‌ಕಾಮ್ಸ್, ನ್ಯಾಯಬೆಲೆ ಅಂಗಡಿ, ಸ್ವಂತ ಕಟ್ಟಡದಲ್ಲಿರೋ ಶೆಟ್ಟರು. ಕಾಕತಾಳೀಯ ಅನ್ಸುತ್ತಾ? ಇವರ ತಲೆ ಮೇಲೆ ಮಾರುಕಟ್ಟೆ ದರದ ಬಾಡಿಗೆಯ ಕತ್ತಿ ತೂಗ್ತಾ ಇಲ್ಲ, ಅಷ್ಟೇ.

6/10
ಬಾಡಿಗೆ ಅಂದ್ನಲ್ಲ, ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಅಂತ ಅಂಕಿ ಇಟ್ಕೊಳ್ಳಿ. ಒಂದು ಮಳಿಗೆಗೆ ತಿಂಗಳ ಬಾಡಿಗೆ 60,000 ರೂಪಾಯಿ. ಒಂದು ಪ್ಯಾಂಟ್ ಆಲ್ಟರ್ ಮಾಡಿದರೆ ಟೈಲರಿಗೆ ಖರ್ಚು ಕಳೆದು 60 ರೂಪಾಯಿ ಉಳಿಯುತ್ತೆ ಅನ್ನಿ. ಬರೀ ಬಾಡಿಗೆ ಕಟ್ಟೋಕೆ ತಿಂಗಳಿಗೆ 1,000 ಪ್ಯಾಂಟ್ ಆಗಬೇಕು. ಒಂದು ದಿನವೂ ರಜೆ ಇಲ್ಲದೆ ದಿನಕ್ಕೆ 33. ಅವರ ಮನೆಯ ಅಕ್ಕಿ ಬೇಳೆ ಲೆಕ್ಕ ಇನ್ನೂ ಶುರುವೇ ಆಗಿಲ್ಲ! ಅದೇ ಮಳಿಗೆಯಲ್ಲಿ ಕೆಫೆ ಹಾಕಿ ಒಂದು ಕಾಫಿ ಮೇಲೆ 100 ರೂಪಾಯಿ ಉಳಿದರೆ ದಿನಕ್ಕೆ 20 ಕಪ್ ಸಾಕು.

ಅಂದ್ರೆ ಟೈಲರ್ ಸೋತಿದ್ದು ಗಿರಾಕಿ ಇಲ್ಲದೆ ಅಲ್ಲ. ಎಲ್ಲರಿಗೂ ಬೇಕಾದ, ಆದರೆ ಒಂದು ಸಲಕ್ಕೆ ಕಡಿಮೆ ದುಡ್ಡು ಹುಟ್ಟೋ ಕೆಲಸ ಅದು. ನೀವು ಬರೆದು ಕಳಿಸಿದ ಪಟ್ಟಿ ಮತ್ತೆ ನೋಡಿ. ಹಿಟ್ಟಿನ ಮಿಲ್, ಚಪ್ಪಲಿ, ಜೆರಾಕ್ಸ್, ಮಿಕ್ಸಿ ರಿಪೇರಿ. ಎಲ್ಲವೂ ಅದೇ ಜಾತಿಯ ಕೆಲಸ.

7/10
ಇದರಲ್ಲಿ ಕಾನೂನಿನ ಪಾಲೂ ಇದೆ. ಸ್ವಲ್ಪ ಬೋರ್ ಅನ್ನಿಸಬಹುದು, ಆದರೆ ಕಥೆಯ ಮುಖ್ಯ ತಿರುವು ಇಲ್ಲೇ ಇದೆ.

ಮೊದಲು 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಅದರ ಜಾಗಕ್ಕೆ ಬಂದಿದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಹೊಸ ಕಾಯ್ದೆ ವಾಣಿಜ್ಯ ಮಳಿಗೆಗಳನ್ನ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು, ಒಂದು ವಿನಾಯಿತಿ ಬಿಟ್ಟು: 14 ಚದರ ಮೀಟರ್ ಮೀರದ ಸಣ್ಣ ಅಂಗಡಿ. ಅಂದ್ರೆ ಸುಮಾರು 150 ಚದರ ಅಡಿ, ಒಂದು ಪುಟ್ಟ ರೂಮಿನಷ್ಟು. ಸಣ್ಣ ಅಂಗಡಿಗೆ ರಕ್ಷಣೆ ಬೇಕು ಅಂತ ಕಾನೂನಿಗೂ ಗೊತ್ತಿತ್ತು ಅಂತಾಯ್ತು. ಆದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟೋವಾಗ 150 ಅಡಿಯ ಗೂಡು ಬಿಡೋರು ಯಾರು? ನೆಲಮಹಡಿ ಪೂರ್ತಿ ಒಂದೇ ಶೋರೂಂ ಆಗುತ್ತೆ. ರಕ್ಷಣೆ ಪುಸ್ತಕದಲ್ಲಿ ಉಳೀತು, ಗೂಡು ಹೋಯ್ತು.

2007ರಲ್ಲಿ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ ಬಂತು. ರಸ್ತೆಯ ಅಗಲ ನೋಡಿ ವಾಸದ ಪ್ರದೇಶದಲ್ಲೂ ವಾಣಿಜ್ಯ ಬಳಕೆಗೆ ಅವಕಾಶ ಹೆಚ್ಚಾಯ್ತು. ಹಲವು ಬಡಾವಣೆಯವರು ಬೇಡ ಅಂತ ಹೋರಾಡಿದರು. ಇದರಲ್ಲೊಂದು ವಿಪರ್ಯಾಸ ನೋಡಿ. ಮನೆ ಮತ್ತು ಅಂಗಡಿ ಒಟ್ಟಿಗೆ ಇರೋದು ಪೇಟೆಯ ಹಳೇ ಪದ್ಧತಿಯೇ ಅಲ್ವಾ? ಹೌದು. ಆದರೆ ಪೇಟೆಯಲ್ಲಿ ಅಂಗಡಿಯವರೇ ಮೇಲೆ ವಾಸ ಇದ್ದರು. ಇಲ್ಲಿ ಮೇಲಿನವರು ಮನೆ ಬಿಟ್ಟು ಹೋದರು, ಕೆಳಗೆ ಜಾಸ್ತಿ ಬಾಡಿಗೆ ಕೊಡೋರು ಬಂದರು.

8/10
2009 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಮ್ಯೂಸಿಯಂ ರಸ್ತೆ ಬಳಿ 1971ರಿಂದ ಇದ್ದ ಪ್ರೀಮಿಯರ್ ಬುಕ್‌ಶಾಪ್ ಆ ವರ್ಷ ಮುಚ್ಚಿತು. ನೆಲದಿಂದ ಸೂರಿನವರೆಗೆ ಪುಸ್ತಕ, ಮಧ್ಯೆ ಒಬ್ಬರು ನಡೆಯೋಷ್ಟು ಜಾಗ. ಅದರ ಟಿ.ಎಸ್. ಶಾನುಭಾಗರು ಓದುಗರ ಕೈಗೆ ಸರಿಯಾದ ಪುಸ್ತಕ ಇಡ್ತಿದ್ದವರು. 2021ರಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ನೆನೆಯಿತು.

ಅದೇ 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಕೂಡ ತನ್ನ ಹಳೇ ಜಾಗ ಬಿಟ್ಟಿತು. ಆದರೆ ಅದು ಮುಚ್ಚಲಿಲ್ಲ, ಚರ್ಚ್ ಸ್ಟ್ರೀಟ್‌ಗೆ ಹೋಗಿ ಮತ್ತೆ ಬಾಗಿಲು ತೆರೀತು. ಶಾನುಭಾಗರದ್ದು ಒಬ್ಬರ ಹೆಗಲ ಮೇಲೆ ನಿಂತ ಅಂಗಡಿ. ಕಾಫಿ ಹೌಸ್ ಹಿಂದೆ ಇದ್ದದ್ದು ನೌಕರರ ಸಹಕಾರ ಸಂಘ. ಒಬ್ಬರ ಅಂಗಡಿ ಅವರ ಜೊತೆಗೇ ದಣಿಯುತ್ತೆ. ಹತ್ತಾರು ಜನರ ಅಂಗಡಿಗೆ ಇನ್ನೊಂದು ಬೀದಿ ಹುಡುಕೋ ಶಕ್ತಿ ಇರುತ್ತೆ.

9/10
ಇಷ್ಟು ಓದಿ ‘ಹಳೇ ಕಾಲವೇ ಚೆನ್ನಾಗಿತ್ತು’ ಅಂತ ಕಾಮೆಂಟ್ ಹಾಕಬೇಡಿ ಪ್ಲೀಸ್. ಆ ಚಂದದ ಬಡಾವಣೆಗಳಲ್ಲಿ ಸೈಟು ಹಂಚಿದ್ದು ಜಾತಿವಾರು ಬ್ಲಾಕ್ ಮಾಡಿ. ಎಲ್ಲರಿಗೂ ಎಲ್ಲ ಬೀದಿಯೂ ಒಂದೇ ಥರ ತೆರೆದಿರಲಿಲ್ಲ. ಶೆಟ್ಟರ ಸಾಲದ ಪುಸ್ತಕದಲ್ಲಿ ಯಾರ ಹೆಸರು ಬರೀತಿದ್ರು, ಯಾರಿಗೆ ‘ಇಲ್ಲ’ ಅಂತಿದ್ರು ಅನ್ನೋದನ್ನೂ ಕೇಳಬೇಕು. ಹೆಸರು, ಊರು ಕೇಳದೆ ಯಾರನ್ನ ಬೇಕಾದರೂ ಒಳಗೆ ಬಿಡೋ ಸೂಪರ್ ಮಾರ್ಕೆಟ್ಟು ಕೆಲವರಿಗೆ ನಿಜವಾಗಲೂ ಬಿಡುಗಡೆ. ರಾತ್ರಿ ಹನ್ನೊಂದಕ್ಕೆ ಔಷಧಿ ತಂದುಕೊಡೋ ಆ್ಯಪ್ ಕೂಡ ಹಾಗೇ. ಬಳಸಿ, ನಾನೂ ಬಳಸ್ತೀನಿ.

ಆದರೆ ಆ್ಯಪ್ ಚಪ್ಪಲಿ ಹೊಲಿಯಲ್ಲ, ಹೊಸ ಚಪ್ಪಲಿ ಮಾರುತ್ತೆ. ನಮ್ಮ ಅಜ್ಜಿ ಗೋಧಿಗೆ ಸ್ವಲ್ಪ ಕಡಲೆ ಸೇರಿಸಿ ಬೀಸಿಸ್ಕೊಂಡು ಬರ್ತಿದ್ರು. ಮಿಲ್ಲಿನ ಮುಂದೆ ಡಬ್ಬ ಸಾಲಿಗಿಟ್ಟು ಅರ್ಧ ಗಂಟೆ ಮಾತಾಡ್ತಿದ್ರು. ಈಗ ಪ್ಯಾಕೆಟ್ ಹಿಟ್ಟು ಮನೆ ಬಾಗಿಲಿಗೆ ಬರುತ್ತೆ. ಅಜ್ಜಿ ಮನೆಯಿಂದ ಹೊರಗೆ ಬರೋ ಕಾರಣ ಒಂದು ಕಮ್ಮಿ ಆಯ್ತು. ನಾವು ಕಳಕೊಂಡಿದ್ದು ಬರೀ ಹಿಟ್ಟಾ?

10/10
ಹಾಗಾದರೆ ಏನು ಮಾಡೋದು? ನನಗೆ ಈ ಇತಿಹಾಸ ಹೇಳೋದು ಇಷ್ಟೇ: ಬರೀ ಆಸೆಪಟ್ಟರೆ ಅಂಗಡಿ ಬರಲ್ಲ, ಬಂದರೂ ಉಳಿಯಲ್ಲ. ಅದಕ್ಕೆ ಜಾಗ ಬೇಕು, ಆ ಜಾಗವನ್ನ ಯಾರಾದರೂ ಕಾಯಬೇಕು. ಹಿಂದೆ ಮಾರುಕಟ್ಟೆ ಕಟ್ಟಿದವರು, ಸಂಘ ಕಟ್ಟಿದವರು, ಬಿಡಿಎ ಕಾಂಪ್ಲೆಕ್ಸಿಗೆ ನಕ್ಷೆ ಹಾಕಿದವರು ಮಾಡಿದ್ದು ಅದನ್ನೇ.

ಆ ಬಿಡಿಎ ಕಾಂಪ್ಲೆಕ್ಸ್‌ಗಳಲ್ಲಿ ಕೆಲವನ್ನ ಖಾಸಗಿಯವರ ಜೊತೆ ಸೇರಿ ಕೆಡವಿ ದೊಡ್ಡದಾಗಿ ಕಟ್ಟೋ ಯೋಜನೆ ಬಂದಾಗ ಹಲವು ಕಡೆ ನಿವಾಸಿಗಳು, ವ್ಯಾಪಾರಿಗಳು ವಿರೋಧ ಮಾಡಿದರು. ಹಳೇ ಕಟ್ಟಡ ಸೋರುತ್ತೆ, ಹೊಸದು ಬೇಕು, ನಿಜ. ಆದರೆ ಹೊಸದರಲ್ಲಿ ಮಿಕ್ಸಿ ರಿಪೇರಿಯವರಿಗೆ ಮಳಿಗೆ ಇರುತ್ತಾ, ಯಾವ ಬಾಡಿಗೆಗೆ? ಈ ಪ್ರಶ್ನೆ ಕೇಳಬೇಕಾದವರು ನಾವು.

ನಿಮ್ಮ ಕೈಲಾಗೋ ಮೂರು ಕೆಲಸ ಹೇಳ್ತೀನಿ. ಒಂದು, ಮಾಸ್ಟರ್ ಪ್ಲಾನ್ ಕರಡು ಪ್ರಕಟ ಆದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಕೊಡಬಹುದು. ಕೊಡಿ. ‘ಸಣ್ಣ ಮಳಿಗೆಗೆ ಜಾಗ ಬಿಡಿ’ ಅಂತ ಒಂದೇ ಸಾಲು ಬರೆದರೂ ಅದು ದಾಖಲೆ. ಎರಡು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಫುಟ್‌ಪಾತ್ ತೆರವು ಅಂತ ಗಾಡಿ ಎತ್ತಿಕೊಂಡು ಹೋಗೋದನ್ನ ನೋಡಿದಾಗ ಈ ಕಾಯ್ದೆ ನೆನಪಿಗೆ ಬರಲಿ. ಮೂರು, ಈ ಶನಿವಾರ ನಿಮ್ಮ ಬೀದಿಯ ಹಿರಿಯರೊಬ್ಬರನ್ನ ಕೇಳಿ: ‘ಇಲ್ಲಿ ಮೊದಲು ಯಾವ ಅಂಗಡಿ ಇತ್ತು? ಯಾಕೆ ಹೋಯ್ತು?’ ಉತ್ತರ ಕಾಮೆಂಟ್‌ನಲ್ಲಿ ಹಾಕಿ. ಎಲ್ಲ ಸೇರಿಸಿ ಮುಂದಿನ ಸರಣಿಯಲ್ಲಿ ನಮ್ಮ ಊರಿನ ಹೋದ ಅಂಗಡಿಗಳ ಒಂದು ನಕ್ಷೆ ಮಾಡೋಣ.

ಆಮೇಲೆ ಇನ್ನೊಂದು. ಕಿತ್ತುಹೋದ ಚಪ್ಪಲಿ ಮನೆಯಲ್ಲಿದ್ದರೆ ಬಿಸಾಕಬೇಡಿ. ನಿಮ್ಮ ಏರಿಯಾದಲ್ಲಿ ಹೊಲಿಯೋರು ಇನ್ನೂ ಒಬ್ಬರಾದರೂ ಇದ್ದರೆ, ಇವತ್ತು ಸಂಜೆಯೇ ತಗೊಂಡು ಹೋಗಿ.

#ನಮ್ಮಬೆಂಗಳೂರು #ಬೀದಿಇತಿಹಾಸ #ಹೋದಅಂಗಡಿಗಳು