ಹಿರೋಶಿಮಾದಿಂದ ಬಂದ ಮುಯ್ಯಿ

ಯುದ್ಧದಲ್ಲಿ ನೊಂದ ಮಕ್ಕಳ ಚಿತ್ರಗಳು ಗಡಿ ದಾಟಿ ಹೋಗುವ ಪರಿಪಾಠ ಕಡೆಯಪಕ್ಷ ಮೊದಲ ಮಹಾಯುದ್ಧದ ಮರುವರ್ಷಗಳಷ್ಟು ಹಳೆಯದು. ವಿಯೆನ್ನಾದ ಕಲಾಶಿಕ್ಷಕ ಫ್ರಾಂಜ್ ಚಿಜೆಕ್ ಅವರ ವಿದ್ಯಾರ್ಥಿಗಳ ಚಿತ್ರಗಳನ್ನು 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಪ್ರದರ್ಶಿಸಿ, ಹಸಿದ ಮಕ್ಕಳಿಗಾಗಿ ಹಣ ಕೂಡಿಸಲಾಯಿತು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, ದಾಳಿಗೆ ತುತ್ತಾದ ಊರುಗಳಿಂದ ಸಾಗಿಸಿದ ಮಕ್ಕಳನ್ನು ಇರಿಸಿದ್ದ ಶಿಬಿರಗಳಲ್ಲಿ ಮೂಡಿದ 60 ಚಿತ್ರಗಳು 1938ರಲ್ಲಿ ಆಲ್ಡಸ್ ಹಕ್ಸ್‌ಲಿ ಅವರ ಮುನ್ನುಡಿಯೊಡನೆ ಪುಸ್ತಕವಾದವು. ಎರಡರಲ್ಲೂ ಚಿತ್ರಗಳ ಪಯಣ ಒಮ್ಮುಖವಾಗಿತ್ತು. ಮಕ್ಕಳು ಬರೆದರು, ದೂರದ ಹಿರಿಯರು ನೋಡಿ ಮರುಗಿದರು. ಮಕ್ಕಳಿಂದ ಮಕ್ಕಳಿಗೆ ಕೊಡುಕೊಳ್ಳುವಿಕೆ ನಡೆದ ಪ್ರಕರಣ ಹಿರೋಶಿಮಾದ್ದು.

ಅದಕ್ಕೆ ನಿಮಿತ್ತವಾದದ್ದು ಒಂದು ಕೇಕು. ಬಿಕಿನಿ ಹವಳದ್ವೀಪದ ಅಣುಬಾಂಬ್ ಪರೀಕ್ಷೆಗಳ ನೇತೃತ್ವ ವಹಿಸಿದ್ದ ಅಡ್ಮಿರಲ್ ಬ್ಲ್ಯಾಂಡಿ 1946ರ ನವೆಂಬರ್‌ನಲ್ಲಿ ಪತ್ನಿಯೊಡನೆ ಅಣುಸ್ಫೋಟದ ಅಣಬೆಯಾಕಾರದ ಕೇಕನ್ನು ಕತ್ತರಿಸುತ್ತಿದ್ದ ಛಾಯಾಚಿತ್ರ ಪತ್ರಿಕೆಯಲ್ಲಿ ಬಂದಾಗ, ವಾಷಿಂಗ್ಟನ್ನಿನ ಆಲ್ ಸೋಲ್ಸ್ ಚರ್ಚಿನ ಪಾದ್ರಿ ಪೊವೆಲ್ ಡೇವಿಸ್ ವೇದಿಕೆಯಿಂದಲೇ ಅದನ್ನು ಕಟುವಾಗಿ ಖಂಡಿಸಿದರು. ಈ ಚರ್ಚು ಯೂನಿಟೇರಿಯನ್ ಪಂಥದ್ದು, ಎಂದರೆ ತ್ರಿಯೇಕತ್ವವನ್ನು ಒಪ್ಪದೆ ದೇವರ ಏಕತ್ವವನ್ನು ಸಾರುವ ಪರಂಪರೆಯದು. ಪ್ರವಚನದ ಸುದ್ದಿ ಜಪಾನಿನಲ್ಲಿದ್ದ ಅಮೆರಿಕನ್ ಆಡಳಿತದ ಅಧಿಕಾರಿ ಹೊವರ್ಡ್ ಬೆಲ್ ಅವರಿಗೆ ತಲುಪಿತು. ಅಲ್ಲಿನ ಶಾಲೆಗಳಲ್ಲಿ ಬರೆಯಲು ಏನೂ ಇಲ್ಲವೆಂದು ಅವರು ಪತ್ರ ಬರೆದರು. ಚರ್ಚಿನ ಮಕ್ಕಳು ಪೆನ್ಸಿಲ್, ಕ್ರೇಯಾನ್, ರಬ್ಬರ್, ಅಂಟು, ಕಾಗದಗಳನ್ನು ಅರ್ಧ ಟನ್ನಿನಷ್ಟು ಕೂಡಿಸಿ ಹಡಗಿಗೆ ಏರಿಸಿದರು.

ಅವನ್ನು ಪಡೆದ ಶಾಲೆಗಳಲ್ಲಿ ಹೊಂಕಾವಾ ಪ್ರಾಥಮಿಕ ಶಾಲೆಯೂ ಒಂದು. ಸ್ಫೋಟಕೇಂದ್ರದಿಂದ ಸುಮಾರು 400 ಮೀಟರ್ ದೂರದಲ್ಲಿದ್ದ ಅಲ್ಲಿ ಸುಮಾರು 400 ಮಕ್ಕಳು ಸತ್ತಿದ್ದರು. ಉಳಿದಿದ್ದು ಕಾಂಕ್ರೀಟಿನ ಸುಟ್ಟ ಗೋಡೆಗಳು, ಅವುಗಳ ನಡುವೆಯೇ ಪಾಠ ಮರಳಿ ಶುರುವಾಗಿತ್ತು. ಅಮೆರಿಕದ ಕ್ರೇಯಾನುಗಳಿಂದ ಅಲ್ಲಿನ ಮಕ್ಕಳು ಬರೆದು ಕಳಿಸಿದ ಸುಮಾರು 50 ಹಾಳೆಗಳಲ್ಲಿ ಚೆರಿ ಹೂಗಳಿವೆ, ಆಡುವ ಮಕ್ಕಳಿದ್ದಾರೆ, ಕುಂಚದ ಕೈಬರಹವಿದೆ. ಸ್ಪೇನಿನ ಮಕ್ಕಳ ಹಾಳೆಗಳ ತುಂಬ ವಿಮಾನ, ಬಾಂಬುಗಳು ತುಂಬಿದ್ದರೆ ಇಲ್ಲಿ ಬೂದಿಯ ಬಣ್ಣವನ್ನು ಹುಡುಕಬೇಕು. ಅಣುಬಾಂಬಿನ ವರದಿಗಳ ಮೇಲೆ ಆಗ ಸೆನ್ಸಾರ್ ಇದ್ದುದು ಇದಕ್ಕೆ ಒಂದು ಕಾರಣವಾಗಿರಬಹುದು. ಆದರೆ ಹೆಚ್ಚು ಒಪ್ಪುವ ಕಾರಣ ಮುಯ್ಯಿಯ ಮರ್ಯಾದೆಯದು. ಸ್ಪೇನಿನ ಚಿತ್ರ ಸಾಕ್ಷ್ಯವಾಗಿ ಹೊರಟಿತ್ತು, ಹೊಂಕಾವಾದ್ದು ಉಡುಗೊರೆಗೆ ಮರು ಉಡುಗೊರೆಯಾಗಿ. ಮುಯ್ಯಿ ಒಪ್ಪಿಸುವ ತಟ್ಟೆಯಲ್ಲಿ ಯಾರೂ ಮನೆಯ ಸೂತಕವನ್ನು ಇಡುವುದಿಲ್ಲ.

ಅಮೆರಿಕದಲ್ಲಿ ಚಿತ್ರಗಳು ಕೆಲಕಾಲ ಊರೂರು ಸುತ್ತಿ, ಬಳಿಕ ದಶಕಗಳ ಕಾಲ ಚರ್ಚಿನಲ್ಲೇ ಕಣ್ಮರೆಯಾಗಿದ್ದವು. ವಾಷಿಂಗ್ಟನ್ನಿನಿಂದ ಖಾಲಿ ಹೋಗಿ ಬಣ್ಣ ತುಂಬಿಕೊಂಡು ಬಂದಿದ್ದ ಆ ಹಾಳೆಗಳನ್ನು ಸಂರಕ್ಷಿಸಿ 2010ರಲ್ಲಿ ಹೊಂಕಾವಾ ಶಾಲೆಗೆ ಒಯ್ದಾಗ, ಬರೆದವರಲ್ಲಿ ಕೆಲವರು, ಈಗ ಅಜ್ಜ ಅಜ್ಜಿಯರು, ಅವುಗಳ ಎದುರು ನಿಂತಿದ್ದರು.